ಮೂರನೇ ಸಲಕ್ಕೆ ಗೆದ್ದ ಬೀದರ್ ಪ್ರವಾಸ

ಎರಡು ಸಣ್ಣ ಮಕ್ಕಳನ್ನು ಕರಕೊಂಡು ಒಬ್ಬಳೇ ಕಲಬುರಗಿಯಿಂದ ಬೀದರ್‌ಗಾ? ಅದೂ ರೈಲಿನಲ್ಲಾ? ಮನೆಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಹಿಂದಿನ ಎರಡು ಸಲ ನಾವು ಹೈರಾಣಾಗಿ ಬಂದದ್ದನ್ನು ಅವರು ಕಣ್ಣಾರೆ ನೋಡಿದ್ದರು. ಆದರೆ ಡಿಸೆಂಬರ್‌ನ ಒಂದು ಭಾನುವಾರ ಅದು ಸರಿಹೋಯಿತು. ಮಗನಿಗೆ ಏಳು, ಮಗಳಿಗೆ ನಾಲ್ಕು. ಇಬ್ಬರೂ ಅಳಲಿಲ್ಲ, ಖರ್ಚು ಸಾವಿರ ದಾಟಲಿಲ್ಲ.

ಮೊದಲ ಸಲ ಹೋದದ್ದು ಕಾರಿನಲ್ಲಿ, ಮೇ ತಿಂಗಳಲ್ಲಿ. ಬಾಡಿಗೆ, ಡೀಸೆಲ್ ಎಲ್ಲ ಸೇರಿ ಸುಮಾರು 4,000. ಇಷ್ಟು ದುಡ್ಡು ಹಾಕಿದ್ದೇವೆ, ಎಲ್ಲಾ ನೋಡಿಬಿಡೋಣ ಅನ್ನುವ ಹಟ. ಕೋಟೆ, ಗವಾನ್ ಮದರಸಾ, ಝರಣಿ ನರಸಿಂಹನ ಗವಿ ಗುಡಿ, ಅಷ್ಟೂರಿನ ಸುಲ್ತಾನರ ಗೋರಿ ಗುಮ್ಮಟ, ಎಲ್ಲಾ ಒಂದೇ ದಿನ! ಹುಮನಾಬಾದ್ ಬರುವ ಮೊದಲೇ ಮಗಳು ಎರಡು ಸಲ ವಾಂತಿ ಮಾಡಿದಳು. ಝರಣಿಯ ಗವಿಯಲ್ಲಿ ಎದೆಮಟ್ಟ ನೀರು, ತಲೆ ಮೇಲೆ ಬಾವಲಿ. ಅಪ್ಪನ ಹೆಗಲ ಮೇಲಿದ್ದವಳು ಅವರ ಕೂದಲು ಹಿಡಿದು ಚೀರತೊಡಗಿದಳು. ಅರ್ಧಕ್ಕೇ ವಾಪಸ್. ಅಷ್ಟೂರು ತಲುಪಿದಾಗ ಎರಡು ಗಂಟೆ, ಕಲ್ಲೆಲ್ಲ ಕಾದ ಹಂಚು. ಮರುದಿನ ಇಬ್ಬರಿಗೂ ಜ್ವರ. ಔಷಧಿಗೆ ಇನ್ನೊಂದು 700.

ಎರಡನೇ ಸಲ ಬಸ್ಸಿಗೆ ಹೋದೆವು, ಸೋತದ್ದು ಊಟದಲ್ಲಿ. ಒಂದು ಹೋಟೆಲಿನಲ್ಲಿ ಮುಕ್ಕಾಲು ತಾಸು ಕಾಯಿಸಿದರು, ಬಿಲ್ಲು ಆರುನೂರರ ಮೇಲಾಯಿತು. ಖಾರಕ್ಕೆ ಮಕ್ಕಳು ತಿಂದದ್ದು ಬರೀ ಬಿಳಿ ಅನ್ನ. ಹಸಿದ ಮಕ್ಕಳಿಗೆ ಯಾವ ಕೋಟೆ ತೋರಿಸಿದರೇನು?

ಮೂರನೇ ಸಲ ಲೆಕ್ಕ ಬದಲಿಸಿದೆ. ನೋಡುವುದು ಕೋಟೆ ಒಂದೇ. ಊಟ ಗುರುದ್ವಾರದಲ್ಲಿ. ಹೋಗಿ ಬರುವುದು ರೈಲಿನಲ್ಲಿ. ಕಲಬುರಗಿ–ಬೀದರ್ ಹಳಿ 2017ರಲ್ಲೇ ಶುರುವಾಗಿದೆ, ಆದರೂ ನಮ್ಮ ಓಣಿಯಲ್ಲಿ ಮಕ್ಕಳ ಜೊತೆ ಅದರಲ್ಲಿ ಹೋದವರು ಕಡಿಮೆ. ಮಗಳಿಗೆ ಟಿಕೆಟ್ ಇಲ್ಲ, ಮಗನಿಗೆ ಅರ್ಧ. ರೈಲಿನಲ್ಲಿ ಎದ್ದು ಓಡಾಡಬಹುದು, ಹಾಗಾಗಿ ವಾಂತಿಯ ಮಾತೇ ಬರಲಿಲ್ಲ. ದಾರಿಯಲ್ಲಿ ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ಉದ್ದದ ಸುರಂಗ ಇದೆ. ಹಿಂದಿನ ರಾತ್ರಿಯಿಂದಲೇ ಅದರದ್ದೇ ಜಪ. ಕತ್ತಲಾದ ಕೂಡಲೇ ಮಗ ಎಣಿಸಲು ಶುರು ಮಾಡಿದ. ಮಗಳು ನನ್ನ ಕೈಬೆರಳು ಗಟ್ಟಿಯಾಗಿ ಹಿಡಿದಳು, ಬೆಳಕು ಬಂದಾಗ "ಮತ್ತೊಮ್ಮೆ" ಅಂದಳು. ಸುರಂಗಕ್ಕೆ ಯಾವ ಡಬ್ಬಿ, ಯಾವ ಕಿಟಕಿ ಒಳ್ಳೆಯದು ಅನ್ನುವುದು ನನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಸಲ ಆ ಸೀಟು ನಮಗೇ ಬೇಕು.

ಈ ನಡುವೆ ನೀರಿನದೂ ಒಂದು ಪ್ರಯೋಗ ಮಾಡಿದೆ. ಒಂದು ಬಾಟಲಿ ಫ್ರೀಜರ್‌ನಲ್ಲಿಟ್ಟದ್ದು, ಒಂದು ಸಾದಾ, ಒಂದಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿದ್ದು. ಫ್ರೀಜರ್‌ದು ಬೀದರ್ ಬರುವಷ್ಟರಲ್ಲಿ ಚೀಲದಲ್ಲಿದ್ದ ರೊಟ್ಟಿ ಎಲ್ಲ ತೋಯಿಸಿತ್ತು. ಒದ್ದೆ ಬಟ್ಟೆಯದು ಮಧ್ಯಾಹ್ನದವರೆಗೂ ತಂಪಾಗಿತ್ತು. ಕಿಟಕಿ ಗಾಳಿಗೆ ಹಿಡಿಯಬೇಕು, ಅಷ್ಟೇ.

ಕೋಟೆಯಲ್ಲಿ ಇತಿಹಾಸ ಹೇಳಲಿಲ್ಲ, ಕೆಲಸ ಕೊಟ್ಟೆ. ಕಲ್ಲು ಕಡಿದು ಮಾಡಿದ ಕಂದಕ ಮೂರು ಸಾಲು ಇವೆ, ಹುಡುಕಿ ಅಂದೆ. ಸೋಲಾ ಕಂಬ ಮಸೀದಿ ಮುಂದೆ, ಸೋಲಾ ಅಂದರೆ ಹದಿನಾರು, ಎಣಿಸು ಅಂದೆ. ಮಗ ಹದಿನಾರಕ್ಕೆ ನಿಲ್ಲಲೇ ಇಲ್ಲ. "ಅಮ್ಮ, ಜಾಸ್ತಿ ಇವೆ, ಹೆಸರು ತಪ್ಪು" ಅಂತ ವಾದಕ್ಕೇ ನಿಂತ. ಎರಡು ತಾಸು ಹೋದದ್ದು ಗೊತ್ತಾಗಲಿಲ್ಲ. ಅಷ್ಟು ದೂರ ನಡೆದರೂ ಮಗಳು ಎತ್ತಿಕೋ ಅನ್ನದಂತೆ ಒಂದು ಉಪಾಯ ಮಾಡಿದ್ದೆ. ಅದು ನನ್ನಲ್ಲೇ ಇರಲಿ.

ಹನ್ನೆರಡರೊಳಗೆ ಬಿಸಿಲಿನಿಂದ ಹೊರಗೆ. ಇದೊಂದು ನಿಯಮ ಮುರಿಯಲಿಲ್ಲ. ಒಂದೇ ಜಾಗ ಅನ್ನುವ ನಿಯಮವನ್ನು ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರದ ಹತ್ತಿರ ಮುರಿದೆ. ಲೋಹಕ್ಕೆ ಬೆಳ್ಳಿ ಎಳೆ ಕೂರಿಸುವ ಬಿದರಿ ಕೆಲಸದ ಅಂಗಡಿಯಲ್ಲಿ ಒಬ್ಬರು ಚಿಕ್ಕ ಹೂದಾನಿಗೆ ಬಣ್ಣ ಕೊಡುತ್ತಿದ್ದರು. ಕೋಟೆಯ ಹಳೇ ಮಣ್ಣಿಗೆ ನವಸಾಗರ ಅನ್ನುವ ಉಪ್ಪು ಕಲಸಿ, ಬಿಸಿ ಮಾಡಿದ ಹೂದಾನಿಗೆ ಉಜ್ಜಿದರು. ಬೂದು ಬಣ್ಣದ ಲೋಹ ನೋಡುತ್ತಿದ್ದಂತೆ ಕಪ್ಪಾಯಿತು, ಬೆಳ್ಳಿಯ ಎಳೆ ಮಾತ್ರ ಬೆಳ್ಳಗೇ ಉಳಿಯಿತು. ಮಗಳು ಮಿಸುಕಾಡದೆ ಹತ್ತು ನಿಮಿಷ ನಿಂತಿದ್ದಳು. ಮನೆಯಲ್ಲಿ ಅವಳು ಹತ್ತು ನಿಮಿಷ ನಿಂತದ್ದನ್ನು ನಾನು ನೋಡಿಲ್ಲ. 250ಕ್ಕೆ ಒಂದು ಕೀಚೈನ್ ತಗೊಂಡೆ.

ಊಟ ನಾನಕ್ ಝೀರಾ ಗುರುದ್ವಾರದಲ್ಲಿ. ತಲೆಗೆ ಬಟ್ಟೆ ಕಟ್ಟುವುದೇ ಇಬ್ಬರಿಗೂ ಹಬ್ಬ. ಪಂಕ್ತಿಯಲ್ಲಿ ನೆಲದ ಮೇಲೆ ಕೂತರು. ಬಡಿಸುವವರು ಬಂದಾಗ ಪಕ್ಕದ ಅಜ್ಜ ಎರಡೂ ಕೈ ಚಾಚಿ ರೊಟ್ಟಿ ಇಸಕೊಂಡರು. ಅದನ್ನು ನೋಡಿ ಮಗಳೂ ಎರಡು ಪುಟ್ಟ ಕೈ ಚಾಚಿದಳು. ಮೂರು ರೊಟ್ಟಿ ದಾಲ್ ಜೊತೆ ತಿಂದಳು! ಕಾಯುವುದಿಲ್ಲ, ಬಿಲ್ಲಿಲ್ಲ. ಹುಂಡಿಗೆ 101 ಹಾಕಿದೆ.

ನೆನಪಿದ್ದಷ್ಟು ಖರ್ಚು: ರೈಲು ನೂರೈವತ್ತರ ಒಳಗೆ, ಆಟೋ ಮುನ್ನೂರು, ಚುರುಮುರಿ ಬಾಳೆಹಣ್ಣು ಎಂಬತ್ತು, ಮೇಲೆ ಕೀಚೈನ್, ಹುಂಡಿ. ಒಟ್ಟು ಒಂಬತ್ತು ನೂರರ ಆಸುಪಾಸು.

ವಾಪಸ್ ಬರುವಾಗ ಸುರಂಗ ಬಂದದ್ದು ನನಗೊಬ್ಬಳಿಗೇ ಗೊತ್ತು. ಇಬ್ಬರೂ ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದರು. ಕಲಬುರಗಿ ಸ್ಟೇಷನ್‌ನಲ್ಲಿ ಇಳಿದಾಗಲೂ ಮಗಳ ತಲೆ ಮೇಲೆ ಆ ಕರ್ಚೀಫು ಹಾಗೇ ಇತ್ತು.