ಬೋಪಣ್ಣನವರ ಆಟವನ್ನು ಒಂದು ಚಾರ್ಟ್ ಹಾಳೆಗೆ ಇಳಿಸುವುದು ಹೇಗೆ

ಯಾರಾದರೂ ಆಟಗಾರರು ನಿವೃತ್ತಿ ಘೋಷಿಸಿದರೆ ಸಾಕು, ನಮ್ಮ ಶಾಲೆಯ ಗೋಡೆಪತ್ರಿಕೆಗೆ ಹಾಳೆಗಳು ಬರುತ್ತವೆ. ಎಲ್ಲಾ ಒಂದೇ ಥರ. ನಡುವೆ ಪೇಪರಿನಿಂದ ಕತ್ತರಿಸಿದ ಫೋಟೋ, ಕೆಳಗೆ ಪ್ರಶಸ್ತಿಗಳ ಪಟ್ಟಿ, ಮೂಲೆಯಲ್ಲಿ ಬಾವುಟ. ಓದಿದವರಿಗೆ ಆ ಮನುಷ್ಯ ಹೇಗೆ ಆಡಿದರು ಅನ್ನುವುದೇ ಗೊತ್ತಾಗುವುದಿಲ್ಲ. ನಾನು ಹಾಸನದ ಕಡೆಯ ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ನಮ್ಮಲ್ಲಿ ಟೆನಿಸ್ ಕೋರ್ಟ್ ಇಲ್ಲ, ಇರುವ ಥ್ರೋಬಾಲ್ ನೆಟ್ಟಿಗೂ ಎರಡು ಕಡೆ ಹೊಲಿಗೆ ಬಿದ್ದಿದೆ. ಆದರೂ ಈಗ ನಿವೃತ್ತರಾಗಿರುವ ಟೆನಿಸ್ ಆಟಗಾರ ರೋಹನ್ ಬೋಪಣ್ಣನವರ ಮೇಲೆ ಒಳ್ಳೆಯ ಹಾಳೆ ಮಾಡಿಸಬಹುದು. ಮಾಡಿಸುವ ಕ್ರಮ ಹೀಗಿದೆ.

ಫೋಟೋ ಅಂಟಿಸುವ ಮೊದಲು ಸ್ಕೇಲ್ ಹಿಡಿದು ಐದು ಕಾಲಂ ಎಳೆಸಿ. ವರ್ಷ, ಜೊತೆಗಾರ, ಊರು, ಎದುರಾಳಿ, ಸ್ಕೋರ್. ಇದರಲ್ಲಿ ಜೊತೆಗಾರನ ಕಾಲಂ ಅಗಲವಾಗಿರಲಿ. ಬೋಪಣ್ಣ ಡಬಲ್ಸ್, ಅಂದರೆ ಇಬ್ಬರು ಜೋಡಿಯಾಗಿ ಆಡುವ ಆಟದವರು. ಅವರು ಯಾರ ಜೊತೆ ಆಡಿದರು ಅನ್ನುವುದನ್ನು ಬಿಟ್ಟು ಕಪ್‌ಗಳನ್ನು ಮಾತ್ರ ಬರೆದರೆ ಅರ್ಧ ಕಥೆ ಹೋದ ಹಾಗೆ.

ಸಿಂಗಲ್ಸ್‌ಗೆ ಒಂದೆರಡು ಸಾಲು ಸಾಕು. ಅಲ್ಲಿ ವಿಶ್ವ ರ‍್ಯಾಂಕಿಂಗ್‌ನಲ್ಲಿ ಅವರು ಏರಿದ್ದು 213ನೇ ಸ್ಥಾನದವರೆಗೆ. ಆದರೆ 2010ರ ಚೆನ್ನೈ ಬಿಡಬೇಡಿ. ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನಲ್ಲಿ ಬ್ರೆಜಿಲ್ ಎದುರು ಭಾರತ 0-2 ಹಿಂದಿತ್ತು. ಅಲ್ಲಿಂದ 2-2 ಆಯಿತು. ಕೊನೆಯ ಸಿಂಗಲ್ಸ್‌ನಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ಸೋಲಿಸಿ ಗೆಲುವು ತಂದವರು ಬೋಪಣ್ಣ.

ಈಗ ಜೊತೆಗಾರರನ್ನು ತುಂಬಿಸಿ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ, 2012ರಲ್ಲಿ ಮಹೇಶ್ ಭೂಪತಿ, 2013ರಲ್ಲಿ ಫ್ರಾನ್ಸಿನ ಎಡ್ವರ್ಡ್ ರೋಜರ್ ವಾಸೆಲಿನ್, 2015ರಲ್ಲಿ ರೊಮೇನಿಯಾದ ಫ್ಲೋರಿನ್ ಮೆರ್ಜಿಯಾ, 2017ರಲ್ಲಿ ಉರುಗ್ವೆಯ ಪಾಬ್ಲೊ ಕ್ವೇವಾಸ್, 2023 ಮತ್ತು 24ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಇಷ್ಟೇ ಅಲ್ಲ, ಇನ್ನೂ ಇದ್ದಾರೆ. ಹಾಳೆ ತುಂಬಿದರೆ ಮುಖ್ಯವಾದವರನ್ನು ಮಾತ್ರ ಇಟ್ಟುಕೊಳ್ಳಿ.

‘ಯಾಕೆ ಸಾರ್ ಇಷ್ಟು ಜನ, ಜಗಳ ಆಡಿದ್ರಾ?’ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಜಗಳವೇ ಆಗಬೇಕಿಲ್ಲ. ಟೂರ್ನಿಗೆ ಎಂಟ್ರಿ ಸಿಗುವುದು ಇಬ್ಬರ ರ‍್ಯಾಂಕಿಂಗ್ ಕೂಡಿಸಿ. ಒಬ್ಬರದು ಕುಸಿದರೆ ಇನ್ನೊಬ್ಬರಿಗೂ ಕಷ್ಟ. ಒಲಿಂಪಿಕ್ಸ್ ಹತ್ತಿರ ಬಂದರೆ ಸ್ವಂತ ದೇಶದವರ ಜೊತೆ ಆಡಿ ಅಭ್ಯಾಸ ಆಗಬೇಕು. ಗಾಯ ಅಂತೂ ಇದ್ದೇ ಇರುತ್ತದೆ. ಹೀಗೆ ಜೋಡಿ ಒಡೆಯುತ್ತದೆ, ಇನ್ನೊಂದು ಕೂಡುತ್ತದೆ. ನನ್ನ ಪ್ರಕಾರ ಬೋಪಣ್ಣನವರ ದೊಡ್ಡ ಸಾಧನೆ ಇದೇ. ಪ್ರತಿ ಸಲ ಹೊಸಬರ ಜೊತೆ ನಿಂತು, ಅವರ ಆಟಕ್ಕೆ ತಕ್ಕಂತೆ ತಮ್ಮ ಆಟ ತಿರುಗಿಸಿಕೊಂಡರು.

ಇಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ಒಂದು ಬಾಣ ಹಾಕಿಸಿ. ರೋಜರ್ ವಾಸೆಲಿನ್ 2013ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಬೋಪಣ್ಣನವರ ಪಕ್ಕ ನಿಂತವರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಸಾಲಿನಲ್ಲಿ ಅದೇ ಹೆಸರು ಎದುರಾಳಿ ಕಾಲಂಗೆ ಹೋಗುತ್ತದೆ. ಅಲ್ಲಿ ಬೋಪಣ್ಣ ಮತ್ತು ಶ್ರೀರಾಮ್ ಬಾಲಾಜಿ ಮೊದಲ ಸುತ್ತಿನಲ್ಲೇ ಸೋತರು. ಗೆದ್ದ ಜೋಡಿ ಮಾನ್‌ಫಿಲ್ಸ್ ಮತ್ತು ರೋಜರ್ ವಾಸೆಲಿನ್. ಭಾರತದ ಪರ ಬೋಪಣ್ಣ ಆಡಿದ ಕೊನೆಯ ಪಂದ್ಯ ಅದು.

ಸ್ಕೋರ್ ಕಾಲಂಗೆ ಸ್ವಲ್ಪ ತಾಳ್ಮೆ ಬೇಕು. ಕ್ರಿಕೆಟ್ ಸ್ಕೋರ್ ನಿದ್ದೆಯಲ್ಲೂ ಓದುವ ಮಕ್ಕಳು ಟೆನಿಸ್ ಸ್ಕೋರ್ ಕಂಡರೆ ಸುಮ್ನೆ ಕೂರುತ್ತಾರೆ. ಎರಡು ಫೈನಲ್‌ಗಳನ್ನು ಒಂದರ ಕೆಳಗೊಂದು ಬರೆಸಿ. 2010ರ ಯು.ಎಸ್. ಓಪನ್, ಬ್ರಯಾನ್ ಸಹೋದರರ ಎದುರು ಬೋಪಣ್ಣ, ಖುರೇಷಿ ಸೋತಿದ್ದು: 7-6 (5), 7-6 (4). 2024ರ ಆಸ್ಟ್ರೇಲಿಯನ್ ಓಪನ್, ಬೊಲೆಲ್ಲಿ ಮತ್ತು ವವಾಸ್ಸೊರಿ ಎದುರು ಬೋಪಣ್ಣ, ಎಬ್ಡೆನ್ ಗೆದ್ದಿದ್ದು: 7-6 (0), 7-5. ಬ್ರಾಕೆಟ್ ಒಳಗಿರುವುದು ಟೈಬ್ರೇಕ್‌ನಲ್ಲಿ (ಸೆಟ್ 6-6 ಆದಾಗ ತೀರ್ಮಾನಕ್ಕೆ ಆಡಿಸುವ ಗೇಮ್) ಸೋತವರಿಗೆ ಸಿಕ್ಕ ಪಾಯಿಂಟ್. ಅಂದರೆ ನ್ಯೂಯಾರ್ಕ್‌ನಲ್ಲಿ ಎರಡೂ ಸೆಟ್ ಕೈ ತಪ್ಪಿದ್ದು ಎರಡು ಮೂರು ಪಾಯಿಂಟ್‌ಗಳ ಅಂತರದಲ್ಲಿ. ಮೆಲ್ಬರ್ನ್‌ನಲ್ಲಿ ಎದುರಾಳಿಗೆ ಟೈಬ್ರೇಕ್‌ನಲ್ಲಿ ಒಂದು ಪಾಯಿಂಟೂ ಕೊಡಲಿಲ್ಲ. ಆ ಸೊನ್ನೆಗೆ ಒಂದು ಸುತ್ತು ಹಾಕಿಸಿ.

10-8, 12-10 ಅಂತ ಕಂಡರೆ ಅದು ಸಾಮಾನ್ಯವಾಗಿ ಪೂರ್ತಿ ಸೆಟ್ ಅಲ್ಲ. ಎಟಿಪಿ (ಪುರುಷರ ವೃತ್ತಿಪರ ಟೆನಿಸ್) ಟೂರ್ನಿಗಳ ಡಬಲ್ಸ್‌ನಲ್ಲಿ, ಫ್ರೆಂಚ್ ಓಪನ್‌ನಂಥ ಗ್ರ್ಯಾಂಡ್ ಸ್ಲಾಮ್‌ನ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಮಿಕ್ಸೆಡ್ ಡಬಲ್ಸ್‌ನಲ್ಲಿ (ಒಂದು ಗಂಡು, ಒಂದು ಹೆಣ್ಣಿನ ಜೋಡಿ) ಸೆಟ್ 1-1 ಆದರೆ ಮೂರನೆಯದರ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕ್ ಆಡಿಸುತ್ತಾರೆ. ಗೆಲ್ಲಲು ಎರಡು ಪಾಯಿಂಟ್ ಮುಂದೆ ಇರಬೇಕು. 2017ರ ಫ್ರೆಂಚ್ ಓಪನ್ ಮಿಕ್ಸೆಡ್ ಫೈನಲ್ ಹೀಗೇ ಮುಗಿದದ್ದು. ಕೆನಡಾದ ಗೇಬ್ರಿಯೇಲಾ ಡಬ್ರೋಸ್ಕಿ ಜೊತೆ 2-6, 6-2, 12-10. ಎದುರಾಳಿಗೆ ಎರಡು ಮ್ಯಾಚ್ ಪಾಯಿಂಟ್ (ಇನ್ನೊಂದು ಪಾಯಿಂಟ್ ಬಂದರೆ ಪಂದ್ಯ ಅವರದು) ಸಿಕ್ಕಿತ್ತು, ಎರಡನ್ನೂ ಉಳಿಸಿಕೊಂಡು ಗೆದ್ದರು. ಅವರ ಮೊದಲ ಗ್ರ್ಯಾಂಡ್ ಸ್ಲಾಮ್.

ಅವರು ಡಬಲ್ಸ್‌ನಲ್ಲಿ ವಿಶ್ವ ನಂಬರ್ ಒನ್ ಆದದ್ದರ ಬಗ್ಗೆ ಬರೆಯುವಾಗ ‘ಬೋಪಣ್ಣ ಜೋಡಿ ನಂಬರ್ ಒನ್’ ಅಂತ ಬರೆಯಬೇಡಿ. ಡಬಲ್ಸ್ ರ‍್ಯಾಂಕಿಂಗ್ ಒಬ್ಬೊಬ್ಬರಿಗೇ ಸೇರಿದ್ದು. ಕಳೆದ 52 ವಾರಗಳ ಪಾಯಿಂಟ್ ಕೂಡಿಸುತ್ತಾರೆ, ಹಳೆಯದು ಉದುರುತ್ತಾ ಹೋಗುತ್ತದೆ. ಗ್ರ್ಯಾಂಡ್ ಸ್ಲಾಮ್ ಡಬಲ್ಸ್ ಗೆದ್ದರೆ ಇಬ್ಬರಿಗೂ ತಲಾ 2000. ಮಿಕ್ಸೆಡ್ ಗೆದ್ದರೆ ಕಪ್, ದುಡ್ಡು ಉಂಟು, ರ‍್ಯಾಂಕಿಂಗ್ ಪಾಯಿಂಟ್ ಇಲ್ಲ. 2017ರಲ್ಲಿ ಪ್ಯಾರಿಸ್‌ನಲ್ಲಿ ಅಷ್ಟು ಕಷ್ಟಪಟ್ಟು ಗೆದ್ದ ಆ ಮಿಕ್ಸೆಡ್ ಫೈನಲ್‌ಗೆ ಸೊನ್ನೆ! ನಮ್ಮ ಹುಡುಗರಿಗೆ ಇದು ಅನ್ಯಾಯ ಅನ್ನಿಸಿತು, ನನಗೂ.

ಮೆಲ್ಬರ್ನ್‌ನಲ್ಲಿ ಸೆಮಿಫೈನಲ್ ತಲುಪಿದಾಗಲೇ ಅವರಿಗೆ ಮೊದಲ ಸ್ಥಾನ ಖಾತ್ರಿಯಾಗಿತ್ತು. ರ‍್ಯಾಂಕಿಂಗ್ ಪಟ್ಟಿ ಬಂದದ್ದು 2024ರ ಜನವರಿ 29ಕ್ಕೆ. ಹುಟ್ಟಿದ್ದು 1980ರ ಮಾರ್ಚ್ 4. ಆ ದಿನ ಅವರಿಗೆ ಎಷ್ಟು ವಯಸ್ಸು ಅಂತ ಮಕ್ಕಳಿಂದಲೇ ಲೆಕ್ಕ ಮಾಡಿಸಿ, ಗಣಿತದ ಟೀಚರ್ ಖುಷಿಪಡುತ್ತಾರೆ. 43 ವರ್ಷ 331 ದಿನ ಬರಬೇಕು. ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಆ ಸ್ಥಾನಕ್ಕೆ ಬಂದವರು ಅವರಿಗಿಂತ ಮುಂಚೆ ಯಾರೂ ಇಲ್ಲ.

ಸೋಲಿನ ಸಾಲುಗಳನ್ನೂ ಇಡಿ. 2021 ಕೆಟ್ಟ ವರ್ಷ. ತಿಂಗಳುಗಟ್ಟಲೆ ಒಂದು ಪಂದ್ಯವೂ ಗೆಲ್ಲದೆ, ಪೋರ್ಚುಗಲ್‌ನಲ್ಲಿ ಸಮುದ್ರದ ಎದುರು ಕೂತು ಇನ್ನು ಸಾಕು ಅಂದುಕೊಂಡಿದ್ದನ್ನು ಅವರೇ ಹೇಳಿದ್ದಾರೆ. ಮಂಡಿಯ ಮೃದ್ವಸ್ಥಿ ಸವೆದು ಹೋಗಿತ್ತು. ಅಯ್ಯಂಗಾರ್ ಯೋಗ ಹಿಡಿದ ಮೇಲೆ ನೋವು ಇಳಿಯಿತು ಅಂತಲೂ ಹೇಳಿದ್ದಾರೆ. 2021ಕ್ಕೂ 2024ಕ್ಕೂ ನಡುವೆ ಹಾಳೆಯಲ್ಲಿ ಒಂದು ಗೇಣು ಜಾಗ ಇದ್ದರೆ ಅದೇ ಮಾತಾಡುತ್ತದೆ.

ಬಾಲ್ಯಕ್ಕೆ ಜಾಸ್ತಿ ಜಾಗ ಬೇಡ. ಪ್ರತಿ ಆಟಗಾರನಿಗೂ ಒಂದು ಬಡತನ, ಒಂದು ಹರಿದ ಶೂ ಸೇರಿಸುವ ಚಟ ನಮ್ಮ ಮಕ್ಕಳಿಗಿದೆ. ಬೋಪಣ್ಣನವರದು ಕೊಡಗಿನ ಕಾಫಿ ಬೆಳೆಗಾರರ ಮನೆ. ಅದನ್ನೇ ಬರೆಯಿರಿ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದು, ತೋಟದಲ್ಲಿ ಓಡಿದ್ದು, ಬಿರುಕುಬಿಟ್ಟ ಕೋರ್ಟ್‌ನಲ್ಲಿ ಆಡಿದ್ದು, ಇವೆಲ್ಲ ವಿದಾಯದ ಮಾತಿನಲ್ಲಿ ಅವರೇ ನೆನೆಸಿಕೊಂಡವು. ಸಾಕು ಅಲ್ವಾ?

ಬರೆಯುವ ಮುಂಚೆ ಮೊಬೈಲಿನಲ್ಲಿ ಒಂದು ಹಳೆಯ ಪಂದ್ಯ ಹಾಕಿ, ಸೌಂಡ್ ತೆಗೆದುಬಿಡಿ. ಬೋಪಣ್ಣ ಸರ್ವ್ ಮಾಡುವಾಗ ಚೆಂಡು ನೋಡಬೇಡಿ, ನೆಟ್ ಹತ್ತಿರ ಬಗ್ಗಿ ನಿಂತ ಜೊತೆಗಾರನನ್ನು ನೋಡಿ. ಸರ್ವ್‌ಗೆ ಮುಂಚೆ ಇಬ್ಬರೂ ಬಾಯಿಗೆ ಚೆಂಡು ಅಡ್ಡ ಹಿಡಿದು ಏನೋ ಮಾತಾಡಿಕೊಂಡಿರುತ್ತಾರೆ. ಆಮೇಲೆ ಆತ ಎಡಕ್ಕೋ ಬಲಕ್ಕೋ ಹಾರಿ, ಚೆಂಡು ನೆಲ ಮುಟ್ಟುವ ಮುಂಚೆಯೇ ವಾಲಿ ಹೊಡೆದರೆ ಪಾಯಿಂಟ್ ಮುಗಿಯಿತು. ಆರಡಿ ಮೇಲಿನ ಮನುಷ್ಯನ ಆ ಭಾರಿ ಸರ್ವ್‌ನಿಂದಲೇ ಜೊತೆಗಾರನಿಗೆ ಅಷ್ಟು ಸುಲಭದ ಚೆಂಡು ಸಿಗುವುದು. ಒಂದು ಗೇಮ್ ಹೀಗೆ ನೋಡಿದ ಹುಡುಗ ‘ಉತ್ತಮ ಆಟಗಾರ’ ಅಂತ ಬರೆಯುವುದಿಲ್ಲ, ಕಂಡಿದ್ದನ್ನು ಬರೆಯುತ್ತಾನೆ.

ಕೊನೆಯ ಸಾಲು 2025ರ ಪ್ಯಾರಿಸ್ ಮಾಸ್ಟರ್ಸ್. ಜೊತೆಗಾರ ಅಲೆಕ್ಸಾಂಡರ್ ಬುಬ್ಲಿಕ್, ಮೊದಲ ಸುತ್ತಿನಲ್ಲೇ ಸೋಲು. ನಿವೃತ್ತಿ ಹೇಳಿದ್ದು ನವೆಂಬರ್ 1ಕ್ಕೆ. ಅಂಟಿಸುವ ಮುಂಚೆ ಏಷ್ಯನ್ ಗೇಮ್ಸ್ ಸಾಲನ್ನು ಇನ್ನೊಮ್ಮೆ ನೋಡಿ. ರುತುಜಾ ಭೋಸಲೆ ಜೊತೆ ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ಕೂಟದ ಹೆಸರಿನಲ್ಲಿ 2022 ಇದೆ, ಆಡಿದ್ದು 2023ರಲ್ಲಿ. ಎರಡನ್ನೂ ಬರೆದುಬಿಡಿ. ಇಲ್ಲದಿದ್ದರೆ ಯಾವನಾದರೂ ಎಂಟನೇ ಕ್ಲಾಸಿನ ಹುಡುಗ ಬಂದು ಪೆನ್ಸಿಲ್‌ನಲ್ಲಿ ತಿದ್ದಿ ಹೋಗುತ್ತಾನೆ.