ವಂಡರ್‌ಲಾ ಟಿಕೆಟ್‌ಗೆ ವಯಸ್ಸಲ್ಲ, ಎತ್ತರ ನೋಡಿ

ಬಿಡದಿಯ ವಂಡರ್‌ಲಾಗೆ ಟಿಕೆಟ್ ತೆಗೆಯುವ ಮುಂಚೆ ಹುಟ್ಟುಹಬ್ಬದ ಲೆಕ್ಕ ಬಿಟ್ಟು ಟೇಪ್ ಹಿಡಿಯಿರಿ. ಅಲ್ಲಿ ಮಕ್ಕಳ ದರ ಎತ್ತರದ ಮೇಲೆ: 85 ಸೆಂ.ಮೀ. ಒಳಗಿದ್ದರೆ ಉಚಿತ, 140ರವರೆಗೆ ಮಕ್ಕಳ ಟಿಕೆಟ್, ದಾಟಿದರೆ ದೊಡ್ಡವರದು. ಹಾಗಾಗಿ ಮಗುವಿಗೆ ಹನ್ನೆರಡು ವರ್ಷ ತುಂಬಿದರೆ ದೊಡ್ಡವರ ದರ ಬೀಳುತ್ತೆ, ಅದರೊಳಗೆ ಹೋಗಿಬರೋಣ ಅಂತ ಪರೀಕ್ಷೆ ನಡುವೆ ಸುಮ್ನೆ ಓಡಬೇಕಿಲ್ಲ. ಮಗುವನ್ನು ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಅಡ್ಡ ಇಟ್ಟು ಪೆನ್ಸಿಲ್ ಗೆರೆ ಹಾಕಿ ಅಳೆಯಿರಿ. 138-139 ಬಂದರೆ ದೊಡ್ಡವರ ಟಿಕೆಟ್‌ಗೇ ದುಡ್ಡು ಎತ್ತಿಡಿ. ಈ ವಯಸ್ಸಲ್ಲಿ ಮಕ್ಕಳು ನೋಡನೋಡುತ್ತಲೇ ಬೆಳೆದುಬಿಡುತ್ತಾರೆ, ಅಲ್ವಾ? ಎಲ್ಲ ಕಡೆ ಈ ಲೆಕ್ಕ ನಡೆಯುವುದಿಲ್ಲ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ವಯಸ್ಸೇ ಮುಖ್ಯ: ಮೂರು ತುಂಬದ ಮಗುವಿಗೆ ಟಿಕೆಟ್ ಬೇಡ, ಹತ್ತಾದರೆ ದೊಡ್ಡವರ ದರ. ಅಲ್ಲಿಗಾದರೆ ಹುಟ್ಟುಹಬ್ಬಕ್ಕೆ ಮುಂಚೆಯೇ ಹೋಗಿ.