ಇರಾನಿನ ಚಳಿಗೆ ಪೆಟ್ಟಿಗೆ ತುಂಬುವ ಮುಂಚೆ

ಆನೆಗಾತ್ರದ ಜಾಕೆಟ್ ಒಂದನ್ನು ಕೊಂಡು, ಅದರೊಳಗೆ ಅರ್ಧ ತೋಳಿನ ಟೀ ಶರ್ಟ್ ತೊಟ್ಟು, ಚಳಿ ದೇಶಕ್ಕೆ ತಯಾರಾದೆವು ಅಂತ ಹೊರಡುವ ಹುಡುಗಿಯರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಬೇರೆ ದೇಶಕ್ಕಾದರೆ ಹೇಗೋ ನಡೆದೀತು. ಚಳಿಗಾಲದಲ್ಲಿ ಇರಾನಿಗೆ ಹೀಗೆ ಹೋದರೆ ಎರಡು ಕಡೆಯಿಂದಲೂ ಪೇಚಾಟ. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಧಗಧಗ ಬಿಸಿ. ಮನೆ, ಹೋಟೆಲು, ಅಂಗಡಿ, ದೂರದೂರಿನ ಬಸ್ಸು, ಎಲ್ಲಿ ನೋಡಿದರೂ ಹೀಟರ್ ಉರಿಯುತ್ತಿರುತ್ತದೆ. ಒಳಗೆ ಕಾಲಿಟ್ಟು ಐದು ನಿಮಿಷಕ್ಕೆ ಬೆವರಲು ಶುರು. ಜಾಕೆಟ್ ತೆಗೆಯೋಣ ಅಂದರೆ ಒಳಗಿರುವುದು ಅರ್ಧ ತೋಳಿನ ಬಟ್ಟೆ, ಇಲ್ಲವೇ ಮೈಗೆ ಅಂಟಿದ ಥರ್ಮಲ್ ಒಳಉಡುಪು. ತೆಗೆಯುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಮುಖ ಕೆಂಪು ಮಾಡಿಕೊಂಡು, ಯಾವಾಗ ಹೊರಗೆ ಹೋಗುತ್ತೇವೋ ಅಂತ ಕೂತಿರುತ್ತಾರೆ.

ಅದಕ್ಕೇ ಹೇಳುವುದು, ಪೆಟ್ಟಿಗೆ ತುಂಬುವ ಮೊದಲು ಒಂದು ಮಾತು ತಲೆಯಲ್ಲಿ ಇರಲಿ. ಮೇಲಿನದನ್ನು ತೆಗೆದಾಗ ಅದರ ಕೆಳಗಿನದು ನಾಲ್ಕು ಜನರ ಮುಂದೆ ಕೂರುವಂತಿರಬೇಕು. ಕೋಟು ತೆಗೆದರೆ ಸ್ವೆಟರ್, ಸ್ವೆಟರ್ ತೆಗೆದರೆ ಉದ್ದ ತೋಳಿನ, ತೊಡೆ ಮುಚ್ಚುವ ಕುರ್ತಾ. ಥರ್ಮಲ್ ಅದರ ಕೆಳಗೆ, ಯಾರಿಗೂ ಕಾಣದ ಹಾಗೆ. ಇದಿಷ್ಟು ಸರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಇರಾನ್ ಅಂದರೆ ಮರಳುಗಾಡು, ಅಲ್ಲೆಲ್ಲಿಯ ಚಳಿ ಅಂತ ಕೇಳುವವರೂ ಇದ್ದಾರೆ. ಆ ದೇಶದ ಬಹುಪಾಲು ಎತ್ತರದ ಪ್ರಸ್ಥಭೂಮಿ. ತೆಹ್ರಾನ್ ಊರಿನ ಬಹುಭಾಗ ಇರುವುದೇ 1,000 ಮೀಟರಿಗಿಂತ ಎತ್ತರದಲ್ಲಿ. ಉತ್ತರದ ಬಡಾವಣೆಗಳು ಬೆಟ್ಟಕ್ಕೇ ಹತ್ತಿಕೊಂಡಿವೆ. ಇಸ್ಫಹಾನ್ 1,500 ಮೀಟರಿಗಿಂತ ಮೇಲಿದೆ, ಹಮದಾನ್ 1,800 ಮೀಟರ್ ದಾಟುತ್ತದೆ. ಜನವರಿಯಲ್ಲಿ ತೆಹ್ರಾನಿನ ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸು. ತಬ್ರೀಜ್, ಹಮದಾನ್ ಕಡೆ ಅದಕ್ಕಿಂತ ಕೆಳಗೆ, ಹಿಮವೂ ಬೀಳುತ್ತದೆ. ಶೀರಾಜ್‌ನಲ್ಲಿ ಮಧ್ಯಾಹ್ನದ ಬಿಸಿಲು ಹಿತವಾಗಿರುತ್ತದೆ, ಆದರೆ ಹೊತ್ತು ಮುಳುಗಿದ ಮೇಲೆ ನೋಡಿ. ದಕ್ಷಿಣದ ಬಂದರ್ ಅಬ್ಬಾಸ್, ಕಿಶ್ ದ್ವೀಪಕ್ಕೆ ಮಾತ್ರ ಹೋಗುವವರಿದ್ದರೆ ಈ ಉಣ್ಣೆಯ ಹೊರೆ ಬೇಡ. ಅಲ್ಲಿ ಚಳಿಗಾಲ ಹಗುರ.

ಇನ್ನು ಉಡುಪಿನ ಕಟ್ಟಳೆ. 1979 ರ ಕ್ರಾಂತಿಯ ನಂತರ ಬಂದದ್ದು, 1983 ರಲ್ಲಿ ಶಿಕ್ಷೆಯ ಕಾನೂನೇ ಆಯಿತು. ಹೆಂಗಸರು ತಲೆ ಮುಚ್ಚಬೇಕು, ಕೈಕಾಲು ಮುಚ್ಚಬೇಕು, ಮೇಲಂಗಿ ಸಡಿಲವಾಗಿರಬೇಕು. ಹೊರಗಿನಿಂದ ಬಂದವರಿಗೂ, ಬೇರೆ ಧರ್ಮದವರಿಗೂ ಇದೇ. ಒಂಬತ್ತು ದಾಟಿದ ಹೆಣ್ಣುಮಗು ಜೊತೆಗಿದ್ದರೆ ಅವಳಿಗೂ ಒಂದು ಸ್ಕಾರ್ಫ್ ಇಡಿ. 2022 ರ ನಂತರ ತೆಹ್ರಾನಿನ ಬೀದಿಗಳಲ್ಲಿ ತಲೆ ಮುಚ್ಚದೆ ಓಡಾಡುವ ಹೆಂಗಸರು ತುಂಬ ಜಾಸ್ತಿಯಾಗಿದ್ದಾರೆ. ಅದು ಅವರ ಹೋರಾಟ. ಅದಕ್ಕಾಗಿ ಅವರು ಪಟ್ಟ ಪಾಡು ಸಣ್ಣದಲ್ಲ. ಫೋನಿನಲ್ಲಿ ಅದರ ಫೋಟೋ ನೋಡಿ ನಾವು ಸ್ಕಾರ್ಫ್ ಇಲ್ಲದೆ ಹೊರಡುವುದು ಬೇರೆ ಮಾತು. ಕಾನೂನು ಇನ್ನೂ ಇದೆ. ನಾವು ಹೋಗುವುದು ನೆಂಟರ ಹಾಗೆ. ಸುಮ್ನೆ ಪೆಟ್ಟಿಗೆಯಲ್ಲಿ ಎರಡು ಸ್ಕಾರ್ಫ್ ಜಾಸ್ತಿ ಇಡಿ.

ಕುರ್ತಾ ಅಂದೆನಲ್ಲ, ಅಲ್ಲಿನ ಹೆಂಗಸರು ಮಾಂತೋ ಅಂತ ಹಾಕುವ ಮೇಲಂಗಿಯ ಕೆಲಸವನ್ನು ನಮ್ಮ ಚೂಡಿದಾರದ ಉದ್ದ ಟಾಪ್ ಚೆನ್ನಾಗಿ ಮಾಡುತ್ತದೆ. ಬದಿಯ ಸೀಳು ಸೊಂಟದವರೆಗೆ ಇದ್ದರೆ ಒಂದು ಗೇಣು ಕೆಳಗಿನವರೆಗೆ ಹೊಲಿಸಿಬಿಡಿ. ದಪ್ಪ ಖಾದಿಯೋ ಫ್ಲಾನೆಲ್ಲೋ ಆದರೆ ಒಳ್ಳೆಯದು. ಸಲ್ವಾರ್ ಸಡಿಲ ಇರಲಿ, ಒಳಗೆ ಉಣ್ಣೆಯ ಲೆಗ್ಗಿಂಗ್ ಹಿಡಿಸಬೇಕು. ಕೋಟು ತೊಡೆಯ ಅರ್ಧಕ್ಕಾದರೂ ಬರಬೇಕು. ಸೊಂಟಕ್ಕೇ ನಿಲ್ಲುವ ಉಬ್ಬಿದ ಜಾಕೆಟ್‌ನಿಂದ ಚಳಿಗೂ ಅರ್ಧ ಉಪಯೋಗ, ಮರ್ಯಾದೆಗೂ ಅರ್ಧ ಉಪಯೋಗ. ಸೀರೆ ಉಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನನ್ನದು ಒಂದೇ ಮಾತು, ಬೇಡ. ನನಗೆ ಸೀರೆ ಇಷ್ಟವೇ, ಆದರೆ ಸೊಂಟ ಕಾಣುತ್ತದೆ, ನೆರಿಗೆ ಹಿಮದ ಕೆಸರಲ್ಲಿ ಒದ್ದೆಯಾಗುತ್ತದೆ. ಬಣ್ಣ ಕಪ್ಪೇ ಆಗಬೇಕು ಅಂತ ಏನೂ ಇಲ್ಲ. ತೆಹ್ರಾನಿನ ಹುಡುಗಿಯರು ಕಡುನೀಲಿ, ಇಟ್ಟಿಗೆ ಕೆಂಪು, ಸಾಸಿವೆ ಹಳದಿ ಎಲ್ಲ ಹಾಕುತ್ತಾರೆ, ನೋಡಲು ಅಚ್ಚುಕಟ್ಟು.

ಈಗ ತಲೆಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಎಡವುವುದು ಇಲ್ಲೇ. ಸಿಲ್ಕೋ ಪಾಲಿಯೆಸ್ಟರೋ ದುಪಟ್ಟಾ ಒಂದನ್ನು ತಗೊಂಡು ಹೋಗುತ್ತಾರೆ. ಹೆಜ್ಜೆಗೊಮ್ಮೆ ಅದು ಹಿಂದಕ್ಕೆ ಜಾರುತ್ತದೆ. ಒಂದು ಕೈ ಯಾವಾಗಲೂ ತಲೆಯ ಮೇಲೇ. ಹೀಟರ್‌ನ ಒಣ ಗಾಳಿಗೆ ಅದು ಕೂದಲಿಗೆ ಚಟಚಟ ಅಂತ ಅಂಟಿಕೊಳ್ಳುವುದು ಬೇರೆ. ಇನ್ನು ಕೆಲವರು ಉಣ್ಣೆ ಶಾಲನ್ನೇ ನೇರವಾಗಿ ತಲೆಗೆ ಹೊದೆಯುತ್ತಾರೆ. ಬೆಚ್ಚಗೇನೋ ಇರುತ್ತದೆ, ಆದರೆ ಹಣೆ ತುರಿಸುತ್ತದೆ, ತಲೆಯ ಎಣ್ಣೆಯೆಲ್ಲ ಶಾಲಿಗೆ ಹತ್ತುತ್ತದೆ. ದಿನಾ ಒಗೆಯುವುದಕ್ಕೆ ಅದೇನು ಕರ್ಚೀಫಾ?

ನಾನು ಮಾಡುವುದನ್ನು ಹೇಳುತ್ತೇನೆ, ಪುರುಸೊತ್ತು ಮಾಡಿಕೊಂಡು ಹಾಗೇ ಮಾಡಿ. ತೆಳು ಉಣ್ಣೆಯ ಶಾಲು ಒಂದು ಬೇಕು, ಎರಡೂ ಕೈ ಚಾಚಿದಷ್ಟು ಉದ್ದ. ಅದರ ಅಂಚಿಗೆ, ಹಣೆಯ ಮೇಲೆ ಕೂರುವ ಜಾಗದಲ್ಲಿ, ಒಳಗಡೆಯಿಂದ ಹತ್ತಿ ಪಟ್ಟಿ ಕೊಡಬೇಕು, ಸೀರೆಗೆ ಫಾಲ್ ಹಾಕಿದ ಹಾಗೆ. ಪಟ್ಟಿಗೆ ಬೇರೇನೂ ಹುಡುಕಬೇಡಿ, ಸೀರೆಯ ಫಾಲ್ ಇದೆಯಲ್ಲ, ಅದೇ. ಶಾಲಿನ ಬಣ್ಣಕ್ಕೆ ಹೊಂದುವುದು ಸಿಕ್ಕೇ ಸಿಗುತ್ತದೆ. ಆದರೆ ಹತ್ತಿಯದೇ ನೋಡಿ ತನ್ನಿ, ನುಣುಪಿನ ನೈಲಾನ್ ಥರದ್ದು ಬೇಡ.

ಮೊದಲು ಫಾಲನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೇ ಪಟ್ಟಿ ಕುಗ್ಗಿ ಶಾಲು ಸುಕ್ಕುಸುಕ್ಕಾಗುತ್ತದೆ. ಹಾಗಾದ ಶಾಲುಗಳನ್ನು ಎಷ್ಟೋ ಜನ ನನ್ನ ಹತ್ತಿರ ಸರಿಮಾಡಿಸಲು ತಂದಿದ್ದಾರೆ. ನೆನೆಸಿ ಅಂತ ಹೇಳಿಕೊಟ್ಟಿದ್ದರೂ ನೆನೆಸಿರಲ್ಲ.

ಆಮೇಲೆ ಕನ್ನಡಿ ಮುಂದೆ ನಿಂತು ಶಾಲನ್ನು ತಲೆಗೆ ಹೊದೆಯಿರಿ. ಸರಿ ಅರ್ಧಕ್ಕೆ ಅಲ್ಲ, ಎಡಗಡೆ ಒಂದು ಗೇಣು ಕಡಿಮೆ, ಬಲಗಡೆ ಒಂದು ಗೇಣು ಜಾಸ್ತಿ ಬರುವ ಹಾಗೆ. ಉದ್ದದ ತುದಿ ಗಲ್ಲದ ಕೆಳಗಿಂದ ಸುತ್ತಿ ಎಡ ಭುಜದ ಹಿಂದಕ್ಕೆ ಹೋಗಬೇಕಲ್ವಾ, ಅದಕ್ಕೆ. ಹಣೆಯ ನಡುವೆ, ಬೈತಲೆಯ ನೇರಕ್ಕೆ, ಬೇರೆ ಬಣ್ಣದ ದಾರದಲ್ಲಿ ಒಂದು ಗುರುತು ಹಾಕಿ. ಅಲ್ಲಿಂದ ಎರಡೂ ಕಡೆ ಕಿವಿಯ ಕೆಳಗಿನವರೆಗೆ ಪಟ್ಟಿ ಬೇಕು, ಒಂದು ಗೇಣಿಗಿಂತ ಸ್ವಲ್ಪ ಮೇಲೆ. ಅಗಲ ನಾಲ್ಕು ಬೆರಳು ಸಾಕು. ಅದಕ್ಕಿಂತ ಅಗಲವಾದರೆ ನೆತ್ತಿಯ ಮೇಲೆ ಮಡಿಕೆ ಬೀಳುತ್ತದೆ, ಕಿರಿದಾದರೆ ಹಿಡಿತ ಸಿಗುವುದಿಲ್ಲ. ತುದಿಗಳನ್ನು ಒಳಗೆ ಮಡಚಿ ಬೆರಳಲ್ಲಿ ಒತ್ತಿಕೊಳ್ಳಿ.

ಹೊಲಿಯುವಾಗ ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಉಣ್ಣೆ ಎಳೆದಂತೆ ಹಿಗ್ಗುತ್ತದೆ, ಹತ್ತಿ ಹಿಗ್ಗುವುದಿಲ್ಲ. ಕೈ ಬಿಟ್ಟ ಮೇಲೆ ಎರಡೂ ಸೇರದೆ ಮುರುಟುತ್ತದೆ. ಮೇಜಿನ ಮೇಲೆ ಹರಡಿ, ಎಳೆಯದೆ, ಪಟ್ಟಿಯನ್ನು ಶಾಲಿನ ಅಂಚಿಗಿಂತ ಒಂದು ಕೂದಲೆಳೆ ಒಳಗೆ ಇಟ್ಟು ಹೊಲಿಯಿರಿ. ಆಗ ಎದುರಿನಿಂದ ಪಟ್ಟಿ ಕಾಣುವುದಿಲ್ಲ. ಒಂಟಿ ದಾರ, ಉದ್ದುದ್ದ ಸಡಿಲ ಹೊಲಿಗೆ. ಗಂಟು ಒಂದು ತುದಿಗೆ ಮಾತ್ರ. ಇನ್ನೊಂದು ತುದಿಯಲ್ಲಿ ಎರಡು ಸಲ ಸೂಜಿ ಆಡಿಸಿ ಒಂದು ಬೆರಳುದ್ದ ದಾರ ಬಿಟ್ಟುಬಿಡಿ. ಯಾಕೆ ಅಂದರೆ ರಾತ್ರಿ ಆ ಎರಡು ಹೊಲಿಗೆ ಕತ್ತರಿಸಿ, ಗಂಟು ಹಿಡಿದು ಎಳೆದರೆ ಪಟ್ಟಿ ಬಂದುಬಿಡುತ್ತದೆ. ಅದನ್ನು ಮಾತ್ರ ಸೋಪಿನಲ್ಲಿ ತಿಕ್ಕಿ ರೇಡಿಯೇಟರ್ ಮೇಲೆ ಹಾಕಿದರೆ ಬೆಳಗ್ಗೆಗೆ ಒಣಗಿರುತ್ತದೆ. ಶಾಲು ಒಗೆಯುವ ಗೋಜೇ ಇಲ್ಲ. ಇಂಥ ಪಟ್ಟಿ ಎರಡು ಮಾಡಿಟ್ಟುಕೊಂಡರೆ ಇನ್ನೂ ಆರಾಮ. ಟಿಚ್ ಬಟನ್ ಹಾಕಿದರೆ ಸುಲಭ ಅಲ್ವಾ ಅಂತ ನನ್ನ ಸೊಸೆ ಕೇಳಿದಳು. ಬಸ್ಸಿನ ಸೀಟಿಗೆ ತಲೆ ಒರಗಿಸಿ ನೋಡು, ಆ ಬಟನ್ ಕಿವಿಯ ಹಿಂದೆ ಹೇಗೆ ಒತ್ತುತ್ತದೆ ಅಂದೆ. ಸೂಜಿ ದಾರ ಹಿಡಿಯುವ ಸೋಮಾರಿತನಕ್ಕೆ ಬಟನ್ ಪರಿಹಾರ ಅಲ್ಲ.

ಇಷ್ಟಾದ ಮೇಲೆ ಶಾಲು ಅಲುಗುವುದಿಲ್ಲ. ಗಾಳಿ ಬಂದರೂ ಅಷ್ಟೆ, ಮೆಟ್ಟಿಲು ಹತ್ತಿದರೂ ಅಷ್ಟೆ. ಭಯ ಇದ್ದರೆ ಕಿವಿಯ ಮೇಲೆ ಸಣ್ಣ ಹೇರ್‌ಪಿನ್ ಒಂದನ್ನು ಪಟ್ಟಿಗೆ ಮಾತ್ರ ಸಿಕ್ಕಿಸಿ, ಉಣ್ಣೆಗೆ ಅಲ್ಲ.

ಶಾಲು, ಸ್ವೆಟರ್ ಎಲ್ಲ ವರ್ಷಗಟ್ಟಲೆ ಟ್ರಂಕಿನಲ್ಲಿ ಇದ್ದವೇ ತಾನೆ? ಹೊರಡುವ ಹಿಂದಿನ ದಿನ ತೆಗೆದು ಹಾಗೇ ಪೆಟ್ಟಿಗೆಗೆ ಹಾಕಬೇಡಿ. ನ್ಯಾಫ್ತಲೀನ್ ಗುಳಿಗೆಯ ವಾಸನೆ ಬಿಸಿ ಕೋಣೆಯಲ್ಲಿ ಎದ್ದು ನಿಲ್ಲುತ್ತದೆ. ವಾರದ ಮುಂಚೆಯೇ ನೆರಳಲ್ಲಿ ಗಾಳಿಗೆ ಹರಡಿ. ಹಾಗೆ ನೋಡಿದರೆ ಉಣ್ಣೆ ಎತ್ತಿಡುವ ಮುಂಚೆ ಒಗೆದು ಇಡುವವರೇ ಈಗ ಇಲ್ಲ. ಉಣ್ಣೆ ತಿನ್ನುವುದು ಹಾರುವ ಹುಳ ಅಲ್ಲ, ಅದರ ಮರಿ. ಬೆವರು, ಎಣ್ಣೆ ಹತ್ತಿದ ಜಾಗವನ್ನೇ ಅದು ಹುಡುಕಿ ತಿನ್ನುತ್ತದೆ. ತಣ್ಣೀರಲ್ಲಿ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಮಟ್ಟಸವಾಗಿ ಒಣಗಿಸಬೇಕು. ಹಗ್ಗಕ್ಕೆ ನೇತುಹಾಕಿದರೆ ಸ್ವೆಟರ್ ಮೊಣಕಾಲಿನವರೆಗೆ ಇಳಿಯುತ್ತದೆ. ಇದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ.

ಕಾಲುಚೀಲಕ್ಕೆ ಯಾರೂ ಗಮನ ಕೊಡುವುದಿಲ್ಲ. ಇರಾನಿನಲ್ಲಿ ನಮ್ಮ ಹಾಗೇ ಚಪ್ಪಲಿ ಬಾಗಿಲಲ್ಲೇ ಬಿಡುವುದು. ಮನೆತುಂಬ ಒಳ್ಳೊಳ್ಳೆಯ ರತ್ನಗಂಬಳಿ ಹಾಸಿರುತ್ತಾರೆ. ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ ಅದರ ಮೇಲೆ ನಡೆದರೆ ಹೇಗೆ? ನನ್ನ ತಂಗಿಯ ಗಂಡನಿಗೆ ತೆಹ್ರಾನಿನಲ್ಲಿ ಕೆಲಸವಿದ್ದಾಗ ನಾನು ಚಳಿಗಾಲದಲ್ಲಿ ಅವರ ಜೊತೆ ಇದ್ದೆ. ಆಗ ಹಮದಾನಿನಲ್ಲಿ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆವು. ಅವರ ಮನೆಯಲ್ಲಿ ಕೊರ್ಸಿ ಇತ್ತು. ಗಿಡ್ಡ ಮೇಜು, ಕೆಳಗೆ ಬಿಸಿ, ಮೇಲೆ ನೆಲದವರೆಗೆ ಇಳಿಬಿಟ್ಟ ದಪ್ಪ ರಜಾಯಿ. ಎಲ್ಲರೂ ಸುತ್ತ ಕೂತು ರಜಾಯಿಯೊಳಗೆ ಕಾಲು ಚಾಚುವುದು. ಅಜ್ಜಿ ಚಹಾ ಕೊಟ್ಟರು, ದಾಳಿಂಬೆ ಬಿಡಿಸಿ ಕೊಟ್ಟರು, ನನ್ನ ಶಾಲಿನ ಅಂಚು ತಿರುವಿ ಪಟ್ಟಿಯ ಹೊಲಿಗೆ ನೋಡಿ ಬೆರಳಲ್ಲಿ ಸವರಿದರು. ಭಾಷೆ ಬರದಿದ್ದರೂ ಹೊಲಿಗೆ ತಿಳಿದವರಿಗೆ ಹೊಲಿಗೆ ತಿಳಿಯುತ್ತದೆ. ನಮ್ಮ ಜೊತೆ ಬಂದಿದ್ದ ಹುಡುಗಿ ಬಿಗಿ ಜೀನ್ಸ್ ಹಾಕಿದ್ದಳು. ನೆಲಕ್ಕೆ ಕೂರಲಾಗದೆ, ಕಾಲು ಮಡಚಲಾಗದೆ ಒದ್ದಾಡಿದಳು. ಸಲ್ವಾರ್ ಸಡಿಲ ಇರಲಿ ಅಂದದ್ದು ಇದಕ್ಕೂ ಸೇರಿಸಿ.

ದರ್ಗಾಗಳಿಗೆ ಹೋಗುವುದಿದ್ದರೆ ಚಾದರ್, ಅಂದರೆ ತಲೆಯಿಂದ ಕಾಲಿನವರೆಗೆ ಹೊದೆಯುವ ಬಟ್ಟೆ, ಬೇಕು. ಮಶ್ಹದ್‌ನ ಇಮಾಮ್ ರೆಜಾ ಅವರದ್ದು, ಕುಮ್‌ನ ಫಾತಿಮಾ ಮಾಸೂಮಾ ಅವರದ್ದು, ಶೀರಾಜ್‌ನ ಶಾಹ್ ಚೆರಾಗ್, ಇಲ್ಲೆಲ್ಲ ಸ್ಕಾರ್ಫ್ ಒಂದೇ ಸಾಲದು. ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಚಾದರ್ ಕೊಡುತ್ತಾರೆ, ಕೊಂಡು ಒಯ್ಯಬೇಕಿಲ್ಲ. ಆದರೆ ಅದು ತೆಳು ಬಟ್ಟೆ, ಚಳಿ ತಡೆಯುವುದಿಲ್ಲ. ಅಂಗಳಗಳು ದೊಡ್ಡವು, ಬಯಲು, ಕಲ್ಲಿನ ಹಾಸು. ಕೋಟು ಕೆಳಗೆ ಇರಲೇಬೇಕು. ಉಬ್ಬಿದ ಕೋಟಿನ ಮೇಲೆ ಚಾದರ್ ನಿಲ್ಲುವುದಿಲ್ಲ, ಮೈಗೆ ಕೂರುವ ಉಣ್ಣೆ ಕೋಟಿನ ಮೇಲೆ ನಿಲ್ಲುತ್ತದೆ. ಒಳಗೆ ಹೋಗುವಾಗ ಶೂ ಕಳಚಿ ಕೊಡಬೇಕು, ಹಾಗಾಗಿ ಲೇಸು ಕಟ್ಟುವ ಉದ್ದ ಬೂಟು ಆ ದಿನ ಬೇಡ.

ಗಂಡಸರಿಗೆ ಹೇಳುವುದು ಸ್ವಲ್ಪವೇ. ಬೀದಿಯಲ್ಲಿ ಚಡ್ಡಿ ಹಾಕುವ ಹಾಗಿಲ್ಲ, ಚಳಿಗೆ ಹಾಕುವುದೂ ಇಲ್ಲ ಅನ್ನಿ. ಪೂರ್ತಿ ಪ್ಯಾಂಟು, ಉದ್ದ ತೋಳಿನ ಅಂಗಿ, ಸ್ವೆಟರ್, ಕೋಟು. ಅವರ ಕಾಲುಚೀಲವನ್ನೂ ನೀವೇ ನೋಡಿ ಇಡಿ.

ಗಾಳಿ ಹೀರಿ ಬಟ್ಟೆ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲದ ಹುಚ್ಚು ಈಗ ಎಲ್ಲರಿಗೂ. ಜಾಗ ಉಳಿಯುತ್ತದೆ ನಿಜ, ತೂಕ ಒಂದು ತೊಲ ಕೂಡ ಇಳಿಯುವುದಿಲ್ಲ. ಜಾಗ ಇದೆ ಅಂತ ಇನ್ನೂ ನಾಲ್ಕು ತುಂಬಿ ವಿಮಾನದ ಕೌಂಟರ್‌ನಲ್ಲಿ ಪೆಟ್ಟಿಗೆ ಬಿಚ್ಚಿ ನಿಲ್ಲುತ್ತಾರೆ. ದಪ್ಪ ಕೋಟು, ಭಾರದ ಶೂ ಮೈಮೇಲೆ ಹಾಕಿಕೊಂಡೇ ಹೋಗಿ. ಥರ್ಮಲ್, ಕಾಲುಚೀಲ ಸುರುಳಿ ಸುತ್ತಿ ಶೂಗಳ ಸಂದಿಗೆ, ಸ್ವೆಟರ್ ಮಡಚಿ ಮೇಲೆ. ತೆಂಗಿನೆಣ್ಣೆ ಬಾಟಲಿ ಬಿಡಿ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಚಮಚದಲ್ಲಿ ಕೆರೆಯಬೇಕಾಗುತ್ತದೆ. ಬಾದಾಮಿ ಎಣ್ಣೆ ಒಯ್ಯಿರಿ. ತುಟಿಗೆ ವ್ಯಾಸಲೀನ್ ಮರೆಯಬೇಡಿ, ಅಲ್ಲಿಯ ಗಾಳಿ ಬಲು ಒಣ.

ಪಟ್ಟಿ ಹೊಲಿದ ಶಾಲನ್ನು ಮಾತ್ರ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ವಿಮಾನದಿಂದ ಇಳಿಯುವಾಗಲೇ ತಲೆ ಮುಚ್ಚಿರಬೇಕು, ಆ ಹೊತ್ತಿಗೆ ನಿಮ್ಮ ಪೆಟ್ಟಿಗೆ ಇನ್ನೂ ವಿಮಾನದ ಹೊಟ್ಟೆಯಲ್ಲಿರುತ್ತದೆ. ಕೈಚೀಲದಲ್ಲಿ ಎಲ್ಲದಕ್ಕಿಂತ ಮೇಲೆ ಅದನ್ನೇ ಇಡಿ. ಸೂಜಿ, ದಾರ, ಪುಟ್ಟ ಕತ್ತರಿ ಮಾತ್ರ ದೊಡ್ಡ ಪೆಟ್ಟಿಗೆಗೆ.